ಕಲ್ಲು, ಎಣ್ಣೆ ಮತ್ತು ಪಾಲುಪತ್ರ

(ಬಾನುಲಿ ಭಾಷಣ)

ಕಲಬುರಗಿಯಿಂದ ವಾಡಿಯತ್ತ ಹೊರಟ ರೈಲಿನ ಕಿಟಕಿಯಲ್ಲಿ ಕುಳಿತವರಿಗೆ ಶಹಾಬಾದಿನ ಆಸುಪಾಸಿನಲ್ಲಿ ನೆಲದ ಚಹರೆಯೇ ಬದಲಾದಂತೆ ತೋರುತ್ತದೆ. ಕರಿಯ ಎರೆಭೂಮಿಯ ನಡುನಡುವೆ ಅಗೆದು ಬಿಟ್ಟ ಆಳವಾದ ಹಳ್ಳಗಳು. ಅವುಗಳ ದಂಡೆಯ ಮೇಲೆ ಒಂದಕ್ಕೊಂದು ಒರಗಿಸಿಟ್ಟ ಬೂದುಬಣ್ಣದ ಫರಸಿ ಕಲ್ಲುಗಳು. ವಾಡಿಯಿಂದ ಚಿತ್ತಾಪುರದ ಕಡೆಗೆ ತಿರುಗಿದರೆ ರಾವೂರು. ಅಲ್ಲಿಯೂ ಅದೇ ನೋಟ, ಅದರ ಜೊತೆಗೆ ಕಲ್ಲಿಗೆ ಹೊಳಪು ಕೊಡುವ ಯಂತ್ರಗಳ ಸದ್ದು. ಈ ನೆಲದ ಕಲ್ಲು ಪದರುಪದರಾಗಿ ಏಳುತ್ತದೆ. ಪುಸ್ತಕದ ಹಾಳೆ ಬಿಡಿಸಿದಂತೆ ಅದನ್ನು ಬಿಡಿಸುವ ಕೈಗಳು ಇಲ್ಲಿವೆ.

ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1876ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಭೀಮಾ ಶಿಲಾಶ್ರೇಣಿಯನ್ನು ವಿವರಿಸಿದ್ದಾನೆ. ಇದರಲ್ಲಿ ಸುಣ್ಣಕಲ್ಲು ಮುಖ್ಯ. ಅದರೊಡನೆ ಮರಳುಗಲ್ಲು ಉಂಟು, ಜೇಡಿಮಣ್ಣು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ, ತೆಳುಪದರಾಗಿ ಬಿಡುವ ಇನ್ನೊಂದು ಕಲ್ಲೂ ಉಂಟು. ಶಾಸ್ತ್ರದಲ್ಲಿ ಅದರ ಹೆಸರು ಶೇಲ್. ಫರಸಿಯಷ್ಟು ಬೆಲೆಯಾಗಲಿ ಗೌರವವಾಗಲಿ ಅದಕ್ಕೆ ನಮ್ಮಲ್ಲಿ ಎಂದೂ ದೊರೆತಿಲ್ಲ. ಆದರೆ ಇದೇ ಜಾತಿಯ ಕಲ್ಲು, ಬೇರೊಂದು ಭೂಖಂಡದಲ್ಲಿ, ಬೇರೊಂದು ಯುಗದ ಜೀವರಾಶಿಯನ್ನು ಒಡಲಲ್ಲಿ ಹೊತ್ತು ಎಣ್ಣೆಯಾಗಿ ಹರಿದಾಗ ಜಗತ್ತಿನ ಪೇಟೆಗಳೆಲ್ಲ ತಲ್ಲಣಿಸಿದವು. ಆ ತಲ್ಲಣದ ಒಂದು ಸಣ್ಣ ಅಲೆ ವಾಡಿಯ ಚಹಾದಂಗಡಿಯ ಬೆಂಚಿನವರೆಗೂ ಬಂದು ಬಡಿದುದನ್ನು ನಾನು ಕಣ್ಣಾರೆ ಕಂಡೆ. ಇಂದಿನ ನನ್ನ ಮಾತು ಅಲ್ಲಿಂದ ಆರಂಭವಾಗುತ್ತದೆ.

2014ರ ಕೊನೆಯ ತಿಂಗಳುಗಳು. ಜೂನ್ ತಿಂಗಳಲ್ಲಿ ಪೀಪಾಯಿಗೆ 115 ಡಾಲರು ತಲುಪಿದ್ದ ಕಚ್ಚಾತೈಲದ ಬೆಲೆ ವರ್ಷ ಮುಗಿಯುವಷ್ಟರಲ್ಲಿ 60ಕ್ಕಿಂತ ಕೆಳಗಿಳಿದಿತ್ತು. ಬೆಂಚಿನ ಒಂದು ತುದಿಯಲ್ಲಿ ರಾವೂರಿನ ಕಲ್ಲಿನ ವ್ಯಾಪಾರಿಗಳೊಬ್ಬರು. ಇನ್ನೊಂದು ತುದಿಯಲ್ಲಿ ನಿವೃತ್ತರಾದ ಶಾಲಾಮಾಸ್ತರರು. ಮಾಸ್ತರರು ತಮ್ಮ ನಿವೃತ್ತಿಯ ಹಣದ ಒಂದು ಪಾಲನ್ನು ತೈಲ ಶುದ್ಧೀಕರಿಸುವ ಕಂಪನಿಯೊಂದರ ಷೇರಿನಲ್ಲಿ ಹಾಕಿದ್ದರು. ವ್ಯಾಪಾರಿಗಳ ಬಳಿ ಇದ್ದದ್ದು ಭೂಮಿಯಿಂದ ತೈಲ ತೆಗೆಯುವ ಕಂಪನಿಯ ಷೇರು.

“ಮಾಸ್ತರ್ರೀ, ಅಮೇರಿಕಾದಾಗ ಕಲ್ಲ ಹಿಂಡಿ ಎಣ್ಣಿ ತೆಗಿಲಾಕತ್ತಾರ. ಇನ್ನ ಎಣ್ಣಿ ಕಂಪನಿ ಷೇರಿಗಿ ಏನ್ ಬೆಲಿ ಉಳೀತದ? ನಾ ಅಂತೂ ಮಾರಾಂವ. ನೀವೂ ಮಾರಿ ಕೈ ತೊಳ್ಕೋರಿ” ಎಂದರು ಅವರು.

“ಹಂಗಲ್ರೀ ಸಾವಕಾರ್ರ, ಎಣ್ಣಿ ತೆಗಿಯೋದು ಬ್ಯಾರೆ, ಶುದ್ಧ ಮಾಡೋದು ಬ್ಯಾರೆ. ಕಚ್ಚಾ ಮಾಲು ಅಗ್ಗಾದ್ರ ನಮ್ಮ ಕಂಪನಿಗಿ ಲಾಭನೇ ಅಲ್ಲೇನು?” ಎಂದರು ಮಾಸ್ತರರು.

ವಾದ ಬೆಳೆಯಿತು. ಆ ಕಲ್ಲಿನಲ್ಲಿ ನಿಜವಾಗಿ ಎಣ್ಣೆ ಇದೆಯೇ, ಇದ್ದರೆ ಎಷ್ಟು ವರ್ಷ ಬಂದೀತು, ಅದೆಲ್ಲ ಪತ್ರಿಕೆಯವರ ಉತ್ಪ್ರೇಕ್ಷೆಯೇ ಎಂದು ಸುತ್ತಲಿದ್ದವರೂ ದನಿಗೂಡಿಸಿದರು. ಕೊನೆಗೆ ಮಾಸ್ತರರು ನನ್ನತ್ತ ತಿರುಗಿ, “ನೀವು ಇತಿಹಾಸ ಓದಿದವರು. ಇಟ್ಕೋಬೇಕೋ ಮಾರಬೇಕೋ ಹೇಳ್ರಿ” ಎಂದರು. ಆ ಹಣದ ಹಿಂದೆ ಮಗಳ ಮದುವೆ ಇತ್ತೆಂಬುದು ನನಗೆ ಗೊತ್ತಿತ್ತು. ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ನಾಳಿನ ಬೆಲೆಯನ್ನು ಹೇಳುವ ವಿದ್ಯೆ ಇತಿಹಾಸವಲ್ಲ. ಆದರೆ ಮನೆಗೆ ಮರಳುವ ದಾರಿಯಲ್ಲಿ ನನಗೊಂದು ಸಂಗತಿ ಹೊಳೆಯಿತು. ಅಷ್ಟು ಹೊತ್ತಿನ ವಾದದಲ್ಲಿ ಎಲ್ಲರೂ ಕೇಳಿದ್ದು ಕಲ್ಲನ್ನು ಕುರಿತ ಪ್ರಶ್ನೆ. ಕಾಗದವನ್ನು ಕುರಿತ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಭೂಮಿಯ ಒಡಲಿನಲ್ಲಿ ಏನಿದೆ ಎಂಬುದು ಒಂದು ಪ್ರಶ್ನೆ. ಅದರ ಹೆಸರಿನಲ್ಲಿ ಹುಟ್ಟಿದ ಪಾಲುಪತ್ರ ಮೊದಲು ಯಾರ ಕೈಗೆ, ಯಾವ ಬೆಲೆಗೆ, ಯಾವ ಕರಾರಿನ ಮೇಲೆ ಬಂದಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ನಿಜ’ ಎಂಬ ಉತ್ತರ ದೊರೆತರೂ ಎರಡನೆಯದಕ್ಕೆ ಅದೇ ಉತ್ತರ ದೊರೆಯಬೇಕೆಂಬ ನಿಯಮವಿಲ್ಲ. ಈ ಪಾಠವನ್ನು ಕಲಿಯಲು ನಾವು ಅಮೆರಿಕದವರೆಗೆ ಹೋಗಬೇಕಾದುದೂ ಇಲ್ಲ. ವಾಡಿಯ ರೈಲುಹಳಿಯ ಮೇಲೆಯೇ ಅದು ಬರೆದಿದೆ.

ಅದಕ್ಕೂ ಮುನ್ನ ಒಂದು ಹಳೆಯ ನೆನಪು. ಶಹಾಬಾದಿಗೆ ಸಮೀಪದ ಮರ್ತೂರು ‘ಮಿತಾಕ್ಷರಾ’ದ ಕರ್ತೃ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ರಚಿತವಾದ ಈ ವ್ಯಾಖ್ಯಾನವನ್ನು ನಾವು ಆಸ್ತಿಯ ದಾಯಭಾಗಕ್ಕಾಗಿ ಮಾತ್ರ ನೆನೆಯುತ್ತೇವೆ. ಅದರಲ್ಲಿ ‘ಸಂಭೂಯ ಸಮುತ್ಥಾನ’ ಎಂಬ ಪ್ರಕರಣವೂ ಇದೆ. ಹಲವರು ವರ್ತಕರು ಕೂಡಿ ಲಾಭಕ್ಕಾಗಿ ಉದ್ಯಮ ನಡೆಸುವಾಗ ಪಾಲಿಸಬೇಕಾದ ಧರ್ಮ ಅದರ ವಿಷಯ. ಲಾಭವಾಗಲಿ ನಷ್ಟವಾಗಲಿ ಅವರವರು ಹಾಕಿದ ದ್ರವ್ಯಕ್ಕೆ ತಕ್ಕಂತೆ, ಇಲ್ಲವೇ ಮೊದಲು ಮಾಡಿಕೊಂಡ ಒಪ್ಪಂದಕ್ಕೆ ತಕ್ಕಂತೆ ಹಂಚಿಕೆಯಾಗಬೇಕು. ಉಳಿದವರು ಬೇಡವೆಂದುದನ್ನು ಮಾಡಿ ಹಾಳುಮಾಡಿದವನು ಆ ನಷ್ಟವನ್ನು ತಾನೇ ತುಂಬಬೇಕು. ಕೂಟದಲ್ಲಿದ್ದು ವಂಚಿಸುವವನನ್ನು ಲಾಭ ಕೊಡದೆ ಹೊರಗೆ ಹಾಕಬೇಕು. ಇಂದಿನ ಕಂಪನಿ ಕಾಯಿದೆಯ ನೂರಾರು ಪುಟಗಳ ತಿರುಳು ಇದಕ್ಕಿಂತ ಬಹಳ ದೂರದಲ್ಲಿಲ್ಲ. ಹಾಕಿದ್ದೆಷ್ಟು, ಪಡೆದದ್ದೆಷ್ಟು ಎಂಬ ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಮುಂದಿನ ಕಥೆಯನ್ನು ನೋಡೋಣ.

ಮುಂಬಯಿಯಿಂದ ರಾಯಚೂರಿನ ಕಡೆಗೆ ಸಾಗಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ದಾರಿಯಲ್ಲಿ ವಾಡಿ ಒಂದು ನಿಲ್ದಾಣ. ಹೈದರಾಬಾದಿನ ದಿವಾನ ಒಂದನೆಯ ಸಾಲಾರ್ ಜಂಗರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾದುಹೋಗುವ ಈ ಹಳಿ, ರಾಷ್ಟ್ರಕೂಟರ ಮಾನ್ಯಖೇಟದ ಪಕ್ಕದಲ್ಲೇ ಕಾಗಿಣಾ ಸೀಮೆಯನ್ನು ದಾಟುತ್ತದೆ. ‘ಕವಿರಾಜಮಾರ್ಗ’ ಹುಟ್ಟಿದ ರಾಜಧಾನಿಯ ಬದಿಗೆ ಹೊಗೆಬಂಡಿಯ ಮಾರ್ಗ ಬಂದುದು ಹೀಗೆ.

1883ರ ಫೆಬ್ರವರಿಯಲ್ಲಿ ಸಾಲಾರ್ ಜಂಗರು ತೀರಿಕೊಂಡರು. ಆ ಹೊತ್ತಿಗೆ ಈ ಮಾರ್ಗವನ್ನು ಚಾಂದಾದವರೆಗೆ ಬೆಳೆಸಿ, ಇಡೀ ರೈಲ್ವೆಯನ್ನು ಲಂಡನ್ನಿನ ಕಂಪನಿಯೊಂದಕ್ಕೆ ವಹಿಸುವ ಯೋಜನೆ ಸಿದ್ಧವಾಗುತ್ತಿತ್ತು. ಬಂಡವಾಳ ಲಂಡನ್ನಿನ ಪೇಟೆಯದು; ಅದರ ಬಡ್ಡಿಗೆ ಜಾಮೀನು ನಿಜಾಮ್ ಸರ್ಕಾರದ್ದು. ಲಾಭವಾದರೆ ಷೇರುದಾರರಿಗೆ, ಆಗದಿದ್ದರೆ ಬಡ್ಡಿ ಸೇಡಂ–ಚಿತ್ತಾಪುರಗಳ ರೈತ ಕಟ್ಟಿದ ಕಂದಾಯದಿಂದ. ಹೈದರಾಬಾದಿನ ವಿದ್ಯಾವಂತರು ಕೆಲವರು ಒಂದು ಸಮಿತಿಯಾಗಿ ಕೂಡಿದರು. ಅವರು ಕೇಳಿದ್ದು ಇಷ್ಟೇ: ಕರಾರನ್ನು ಪ್ರಕಟಿಸಿ, ಜನ ಅದನ್ನು ಓದಿ ಚರ್ಚಿಸಲಿ. ಆ ಸಮಿತಿಯ ಮುಂದಾಳುಗಳಲ್ಲಿ ಒಬ್ಬರು ಮುಲ್ಲಾ ಅಬ್ದುಲ್ ಕಯ್ಯೂಮ್; ಇನ್ನೊಬ್ಬರು ಅಘೋರನಾಥ ಚಟ್ಟೋಪಾಧ್ಯಾಯ, ಕವಯಿತ್ರಿ ಸರೋಜಿನಿ ನಾಯಡು ಅವರ ತಂದೆ. ಪ್ರಶ್ನೆಗೆ ಉತ್ತರವಾಗಿ ಬಂದದ್ದು ಕರಾರಿನ ಪ್ರತಿಯಲ್ಲ. 1883ರ ಮೇ ತಿಂಗಳಲ್ಲಿ ಅಘೋರನಾಥರನ್ನು ಹುದ್ದೆಯಿಂದ ತಪ್ಪಿಸಿ ರಾಜ್ಯದಿಂದಲೇ ಹೊರಗೆ ಕಳುಹಿಸಿದರು. ‘ಕಾಗದ ತೋರಿಸಿ’ ಎಂದು ಕೇಳಿದುದಕ್ಕೆ ನಮ್ಮ ಸೀಮೆಯಲ್ಲಿ ತೆತ್ತ ಮೊದಲ ಬೆಲೆಗಳಲ್ಲಿ ಇದೂ ಒಂದು. ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಎಂಬ ಕಂಪನಿ ಅನಂತರ ಬಂದೇ ಬಂದಿತು. ಜಾಮೀನಿನ ಮಾತು ಅದರ ಹೆಸರಿನಲ್ಲಿಯೇ ಸೇರಿಕೊಂಡಿತು.

ಪ್ರಶ್ನೆ ಕೇಳುವವರು ಹೊರಗಾದ ಮೇಲೆ ಮುಂದಿನ ಕರಾರು ಸುಲಭವಾಯಿತು. ಭೂವಿಜ್ಞಾನಿ ಡಾಕ್ಟರ್ ಕಿಂಗ್ ಗೋದಾವರಿ ಸೀಮೆಯ ಯೆಲ್ಲಂದುವಿನ ಬಳಿ ಕಲ್ಲಿದ್ದಲನ್ನು ಗುರುತಿಸಿದ್ದು 1871ರಲ್ಲಿ. 1886ರ ಜನವರಿಯಲ್ಲಿ ನಿಜಾಮ್ ಸರ್ಕಾರ ತನ್ನ ರಾಜ್ಯದ ಖನಿಜಗಳನ್ನು ಹುಡುಕಿ ತೆಗೆಯುವ ಹಕ್ಕನ್ನು ವಾಟ್ಸನ್ ಮತ್ತು ಸ್ಟೀವರ್ಟ್ ಎಂಬ ಇಬ್ಬರು ಇಂಗ್ಲಿಷರಿಗೆ 99 ವರ್ಷಗಳ ಅವಧಿಗೆ ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಹುಟ್ಟಿತು. ಹೇಳಿಕೊಂಡ ಬಂಡವಾಳ ಹತ್ತು ಲಕ್ಷ ಪೌಂಡು. ಹತ್ತು ಪೌಂಡಿನ ಒಂದು ಲಕ್ಷ ಷೇರುಗಳು. ಇವುಗಳಲ್ಲಿ 85,000 ಷೇರುಗಳು, ಪೂರ್ಣ ಹಣ ಸಂದಾಯವಾದವೆಂಬ ಮೊಹರಿನೊಂದಿಗೆ, ಹಕ್ಕು ಪಡೆದವರ ಕೈಗೇ ಸೇರಿದವು. ಹಕ್ಕನ್ನು ಕಂಪನಿಗೆ ‘ಮಾರಿದ’ ಬೆಲೆಯೆಂಬುದು ಅದರ ವಿವರಣೆ. ಇಲ್ಲಿ ಅಳತೆಗೋಲನ್ನು ಇಟ್ಟು ನೋಡಿ: ಹಾಕಿದ ದ್ರವ್ಯ ಒಂದು ಸಹಿಯ ಕಾಗದ, ಪಡೆದ ಪಾಲು ನೂರಕ್ಕೆ ಎಂಬತ್ತೈದು.

ಈ ಹಕ್ಕಿನ ಮಾತುಕತೆಯಲ್ಲಿ ನಿಜಾಮ್ ಸರ್ಕಾರದ ಪರವಾಗಿ ನಿಂತಿದ್ದವನು ಅಬ್ದುಲ್ ಹಕ್, ಸರದಾರ್ ದಿಲೇರ್ ಜಂಗ್ ಎಂಬ ಬಿರುದಿನ ಅಧಿಕಾರಿ. ಹಕ್ಕು ಪಡೆದವರ ಷೇರುಗಳಲ್ಲಿ ಅವನಿಗೂ ಗುಪ್ತವಾದ ಪಾಲೊಂದಿತ್ತು. ಮುಂದೆ ನಿಜಾಮ್ ಸರ್ಕಾರವೇ ಕಂಪನಿಯ ಷೇರುಗಳನ್ನು ಕೊಳ್ಳಲು ಬಯಸಿದಾಗ ಆ ಕೆಲಸವೂ ಅವನ ಪಾಲಿಗೇ ಬಂದಿತು. ಅವನು ತನ್ನ ಷೇರುಗಳನ್ನೇ, ಪೇಟೆಯಲ್ಲಿ ಕೊಂಡಂತೆ ತೋರಿಸಿ, ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ತನ್ನ ಸರ್ಕಾರಕ್ಕೇ ಮಾರಿದನು. ಕೊಂಡವನೂ ಅವನೇ, ಮಾರಿದವನೂ ಅವನೇ. ಹಣ ಮಾತ್ರ ಪ್ರಜೆಗಳದು. 1888ರಲ್ಲಿ ಗುಟ್ಟು ಬಯಲಾಯಿತು. ಅಬ್ದುಲ್ ಹಕ್ ಅಧಿಕಾರ ಕಳೆದುಕೊಂಡನು. ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆ ವಿಚಾರಣಾ ಸಮಿತಿಯನ್ನು ನೇಮಿಸಿತು. ನಿಜಾಮ್ ಸರ್ಕಾರದ ಕಡೆಯಿಂದ ಮೊಹ್ಸಿನ್ ಉಲ್ ಮುಲ್ಕ್ ಲಂಡನ್ನಿಗೆ ಹೋದರು. ಅಷ್ಟರಲ್ಲಿ ಉಬ್ಬಿದ ಬೆಲೆಗೆ ಷೇರು ಕೊಂಡಿದ್ದ ಲಂಡನ್ನಿನ ಸಾಮಾನ್ಯ ಷೇರುದಾರನೂ, ತಾನು ಷೇರುದಾರನೆಂಬ ಅರಿವೇ ಇಲ್ಲದ ಹೈದರಾಬಾದಿನ ರೈತನೂ ಒಂದೇ ಹಳ್ಳಕ್ಕೆ ಬಿದ್ದಿದ್ದರು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಲ್ಲಿದ್ದಲು ಸುಳ್ಳಾಗಿರಲಿಲ್ಲ. 1889ರಲ್ಲಿ ಯೆಲ್ಲಂದುವಿನಲ್ಲಿ ಗಣಿಗಾರಿಕೆ ಆರಂಭವಾಯಿತು. 1920ರಲ್ಲಿ ಅದೇ ಕಂಪನಿಯ ಆಸ್ತಿಯನ್ನೂ ಸಾಲವನ್ನೂ ಸಿಂಗರೇಣಿ ಕಾಲರೀಸ್ ಕಂಪನಿ ವಹಿಸಿಕೊಂಡಿತು. 1945ರಲ್ಲಿ ಹೈದರಾಬಾದ್ ಸಂಸ್ಥಾನ ಅದರ ಹೆಚ್ಚುಪಾಲು ಷೇರುಗಳನ್ನು ಕೊಂಡಿತು. ದಕ್ಷಿಣದ ದೀಪಗಳಿಗೂ ಯಂತ್ರಗಳಿಗೂ ಸಿಂಗರೇಣಿಯ ಕಲ್ಲಿದ್ದಲು ಇಂದಿಗೂ ಉರಿಯುತ್ತಿದೆ. ಎಂದರೆ, 1886ರಲ್ಲಿ ‘ಅಲ್ಲಿ ಕಲ್ಲಿದ್ದಲು ಇದೆಯೇ?’ ಎಂದು ಕೇಳಿ ‘ಇದೆ’ ಎಂಬ ಸತ್ಯವಾದ ಉತ್ತರ ಪಡೆದು ಷೇರು ಕೊಂಡವನೂ ಮೋಸಹೋದನು. ಕಲ್ಲು ಸುಳ್ಳು ಹೇಳಿರಲಿಲ್ಲ. ಅವನು ಕಾಗದವನ್ನು ಓದಿರಲಿಲ್ಲ.

ಕಾಗದವೆಲ್ಲ ಮೋಸವೆಂದು ನನ್ನ ಅಭಿಪ್ರಾಯವಲ್ಲ. ಹಾಗೆಂದರೆ ಶಹಾಬಾದಿಗೆ ಅನ್ಯಾಯ ಮಾಡಿದಂತಾಗುತ್ತದೆ. ಇಲ್ಲಿನ ಸುಣ್ಣಕಲ್ಲನ್ನು ನಂಬಿ ಶಹಾಬಾದ್ ಸಿಮೆಂಟ್ ಕಂಪನಿ ನಡೆಯಿತು. 1936ರಲ್ಲಿ ದೇಶದ ಹತ್ತು ಸಿಮೆಂಟ್ ಕಂಪನಿಗಳು ಒಂದಾಗಿ ಎ.ಸಿ.ಸಿ. ಆದಾಗ ಅದೂ ಅದರಲ್ಲಿ ಕೂಡಿಕೊಂಡಿತು. 1968ರಲ್ಲಿ ವಾಡಿಯಲ್ಲಿ ಅದೇ ಕಂಪನಿಯ ಕಾರ್ಖಾನೆ ಎದ್ದಿತು. ಹಲವರ ಸಣ್ಣ ಹಣ ಒಂದಾಗದಿದ್ದರೆ ಇಂಥ ಕುಲುಮೆಗಳು ಉರಿಯುತ್ತಿರಲಿಲ್ಲ. ಪಾಲುಬಂಡವಾಳ ಮನುಷ್ಯ ಕಂಡುಕೊಂಡ ದೊಡ್ಡ ಉಪಾಯಗಳಲ್ಲಿ ಒಂದು. ಕೊಡಲಿಯನ್ನು ಹಿಡಿಯುವಾಗ ಕಾವು ಯಾವುದು, ಅಲಗು ಯಾವುದು ಎಂದು ತಿಳಿದಿರಬೇಕು ಎಂಬುದಷ್ಟೇ ನನ್ನ ಮಾತು.

ಇನ್ನು ಎಣ್ಣೆಗೆ ಬರೋಣ. ಕರ್ನಾಟಕದಲ್ಲಿ ತೈಲದ ಷೇರು ಎಂದೊಡನೆ ನೆನಪಿಗೆ ಬರುವ ಹೆಸರು ಮಂಗಳೂರಿನ ಎಂ.ಆರ್.ಪಿ.ಎಲ್. ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹ ಕೂಡಿ 1988ರಲ್ಲಿ ಸ್ಥಾಪಿಸಿದ ಈ ಶುದ್ಧೀಕರಣಾಗಾರ, ಷೇರುಪೇಟೆಯ ಭರಾಟೆಯ ದಿನಗಳಾದ 1990ರ ದಶಕದ ಆದಿಯಲ್ಲಿ ಸಾರ್ವಜನಿಕರಿಂದಲೂ ಹಣ ಸಂಗ್ರಹಿಸಿತು. ಅಂಚೆಯಲ್ಲಿ ಬಂದ ಪಾಲುಪತ್ರಗಳನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟ ಕುಟುಂಬಗಳು ನಮ್ಮಲ್ಲಿ ಬಹಳ. 1996ರಲ್ಲಿ ಕೆಲಸ ಆರಂಭವಾಯಿತು. 1999ರ ಹೊತ್ತಿಗೆ ಅದರ ಸಾಮರ್ಥ್ಯ ವರ್ಷಕ್ಕೆ 96.9 ಲಕ್ಷ ಟನ್ನಿಗೆ ಏರಿತು. ಯಂತ್ರಗಳು ಉತ್ತಮವಾಗಿದ್ದವು, ಬಂದರು ಹತ್ತಿರವಿತ್ತು, ದೇಶಕ್ಕೆ ಎಣ್ಣೆ ಬೇಕಾಗಿತ್ತು. ಆದರೆ ವಿಸ್ತರಣೆಗೆ ತಂದ ಸಾಲದ ಬಡ್ಡಿ ಭಾರವಾಗಿತ್ತು. ಕಚ್ಚಾತೈಲದ ಬೆಲೆಗೂ ಶುದ್ಧವಾದ ತೈಲದ ಬೆಲೆಗೂ ನಡುವಿನ ಅಂತರ ಕುಗ್ಗಿತ್ತು. ನಷ್ಟ ಏರುತ್ತ ಹೋಯಿತು. 2003ರ ಮಾರ್ಚಿಯಲ್ಲಿ ಬಿರ್ಲಾ ಸಮೂಹ ತನ್ನ 37 ಪ್ರತಿಶತಕ್ಕೂ ಮಿಕ್ಕ ಪಾಲನ್ನು ಓ.ಎನ್.ಜಿ.ಸಿ.ಗೆ ಮಾರಿ ಹೊರನಡೆಯಿತು. ಹತ್ತು ರೂಪಾಯಿ ಮುಖಬೆಲೆಯ ಆ ಷೇರಿಗೆ ದೊರೆತ ಬೆಲೆ ಎರಡು ರೂಪಾಯಿ.

ಆ ಎರಡು ರೂಪಾಯಿಯ ಸುದ್ದಿಯನ್ನು ಓದಿದ ಸಣ್ಣ ಷೇರುದಾರನ ಮನಸ್ಸನ್ನು ನೀವೇ ಊಹಿಸಿಕೊಳ್ಳಿ. ಕಟ್ಟಿದವರೇ ಎರಡಕ್ಕೆ ಕೊಟ್ಟು ಹೋಗುವಾಗ ತಾನು ಏತಕ್ಕೆ ಇಟ್ಟುಕೊಳ್ಳಬೇಕೆಂದು ಮಾರಿದವರುಂಟು. ಆದರೆ ಓ.ಎನ್.ಜಿ.ಸಿ. 600 ಕೋಟಿ ರೂಪಾಯಿಗಳ ಹೊಸ ಬಂಡವಾಳ ಹಾಕಿತು. ಸಾಲದ ಕರಾರುಗಳು ಬದಲಾದವು. 2003–04ರಲ್ಲಿಯೇ ಕಂಪನಿ ಲಾಭಕ್ಕೆ ತಿರುಗಿತು. ಷೇರಿನ ಬೆಲೆ ಮುಖಬೆಲೆಯನ್ನು ದಾಟಿ ಹಲವು ಪಟ್ಟಾಯಿತು. ಈ ನಡುವೆ ಕುತ್ತೆತ್ತೂರಿನ ಗುಡ್ಡದ ಮೇಲಿನ ಯಂತ್ರಗಳು ಬದಲಾಗಿರಲಿಲ್ಲ. ಬದಲಾದುದು ಸಾಲದ ಕಾಗದ, ಒಡೆತನದ ಕಾಗದ. ಆ ಹಾಳೆಗಳನ್ನು ಓದಿದವನು ತಾಳಿಕೊಂಡಿರಬಹುದು. ಎರಡು ರೂಪಾಯಿ ಎಂಬ ತಲೆಬರಹವನ್ನಷ್ಟೇ ಓದಿದವನು ಕೈಬಿಟ್ಟನು.

ಈಗ ವಾಡಿಯ ಬೆಂಚಿನ ಮೇಲೆ ವಾದಕ್ಕೆ ಕಾರಣವಾದ ಶೇಲ್ ಉದ್ಯಮ. ಅಮೆರಿಕದ ಟೆಕ್ಸಾಸಿನಲ್ಲಿ ಜಾರ್ಜ್ ಮಿಚೆಲ್ ಎಂಬ ಉದ್ಯಮಿಯ ಕಂಪನಿ ಬಾರ್ನೆಟ್ ಎಂಬ ಶೇಲ್ ಪದರಿನಿಂದ ಅನಿಲ ತೆಗೆಯಲು ವರ್ಷಾನುಗಟ್ಟಲೆ ಹೆಣಗಿತು. ಶೇಲ್‌ನಲ್ಲಿ ತೈಲವೂ ಅನಿಲವೂ ಇರುವುದು ಹೊಸ ಸುದ್ದಿಯೇನಲ್ಲ. ಆದರೆ ಅದು ಕಲ್ಲಿನ ಕಣಕಣದಲ್ಲಿ ಬಂಧಿತವಾಗಿದ್ದು ಬಾವಿ ತೋಡಿದ ಮಾತ್ರಕ್ಕೆ ಹರಿದುಬರುವುದಿಲ್ಲ. ಹೆಚ್ಚಾಗಿ ನೀರನ್ನೇ, ಮರಳು ಮತ್ತು ಸ್ವಲ್ಪ ರಾಸಾಯನಿಕಗಳೊಡನೆ ಬೆರೆಸಿ ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುವ ವಿಧಾನ 1990ರ ದಶಕದ ಕೊನೆಯಲ್ಲಿ ಅಲ್ಲಿ ಫಲಿಸಿತು. ನೆಲದಡಿ ಅಡ್ಡವಾಗಿ ಬಾವಿ ಕೊರೆಯುವ ಕೌಶಲ ಅದರೊಡನೆ ಸೇರಿತು. 2008ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಪೀಪಾಯಿ ಇದ್ದ ಅಮೆರಿಕದ ಕಚ್ಚಾತೈಲದ ಉತ್ಪಾದನೆ 2019ರಲ್ಲಿ 120 ಲಕ್ಷವನ್ನು ಮೀರಿತು. ಕಲ್ಲು ಇಲ್ಲಿಯೂ ಸುಳ್ಳು ಹೇಳಲಿಲ್ಲ.

ಕಾಗದದ ಕಥೆ ಬೇರೆ. ಶೇಲ್ ಬಾವಿಯ ಗುಣವೇನೆಂದರೆ ಮೊದಲು ರಭಸವಾಗಿ ಕೊಡುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಅದರ ಉತ್ಪಾದನೆ ಅರ್ಧಕ್ಕಿಂತಲೂ ಕಡಿಮೆಯಾಗುವುದುಂಟು. ಆದುದರಿಂದ ಇದ್ದಲ್ಲೇ ಇರಬೇಕಾದರೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಕೊರೆಯಲು ಹೊಸ ಹಣ ತರುತ್ತಲೇ ಇರಬೇಕು. 2008ರ ಆರ್ಥಿಕ ಕುಸಿತದ ಅನಂತರ ಅಮೆರಿಕದಲ್ಲಿ ಬಡ್ಡಿಯ ದರ ಬಹಳ ಕಡಿಮೆಯಿತ್ತು. ಸಾಲ ಧಾರಾಳವಾಗಿ ಸಿಕ್ಕಿತು. ಉತ್ಪಾದನೆ ಏರಿದುದೇ ಬೆಲೆ ಇಳಿಯಲು ಕಾರಣವಾಯಿತು. 2014ರ ನವೆಂಬರ್ 27ರಂದು ಓಪೆಕ್ ರಾಷ್ಟ್ರಗಳು ತಮ್ಮ ಉತ್ಪಾದನೆಯನ್ನು ತಗ್ಗಿಸಲು ಒಪ್ಪದಿದ್ದಾಗ ಬೆಲೆ ಇನ್ನೂ ಕುಸಿದು, 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿಯಿತು. ಕೋವಿಡ್ ಮಹಾಮಾರಿಯ ದಿನಗಳಲ್ಲಿ, 2020ರ ಏಪ್ರಿಲ್ 20ರಂದು, ಅಮೆರಿಕದ ವಾಯಿದಾ ಪೇಟೆಯಲ್ಲಿ ತೈಲದ ಬೆಲೆ ಸೊನ್ನೆಗೂ ಕೆಳಗೆ, 37 ಡಾಲರು 63 ಸೆಂಟುಗಳಷ್ಟು ಋಣಕ್ಕೆ ಇಳಿದುದನ್ನು ಲೋಕವೇ ಬೆರಗಾಗಿ ನೋಡಿತು. ಶೇಲ್ ಯುಗದ ನಾಯಕನೆಂದು ಹೊಗಳಿಸಿಕೊಂಡಿದ್ದ ಚೆಸಪೀಕ್ ಎನರ್ಜಿ ಅದೇ ಜೂನ್ ತಿಂಗಳಲ್ಲಿ ದಿವಾಳಿಯ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲಿಗೆ ಹೋಯಿತು. ದೇಶಕ್ಕೆ ಎಣ್ಣೆ ಹರಿದಿತ್ತು, ಗ್ರಾಹಕನಿಗೆ ಅಗ್ಗವಾಗಿತ್ತು. ಎರಡನ್ನೂ ಸಾಧಿಸಲು ಹಣ ಕೊಟ್ಟ ಅನೇಕ ಷೇರುದಾರರು ಬರಿಗೈಯಾಗಿದ್ದರು. ಅನಂತರವೇ ಉಳಿದ ಕಂಪನಿಗಳು ಕೊರೆತಕ್ಕೆ ಕಡಿವಾಣ ಹಾಕಿ ಲಾಭಾಂಶ ಹಂಚುವ ದಾರಿಗೆ ಬಂದವು.

ನಮ್ಮ ದೇಶದಲ್ಲಿಯೂ ಈ ಆಸೆ ಹಬ್ಬಿತ್ತು. 2011ರ ಜನವರಿಯಲ್ಲಿ ಬಂಗಾಳದ ದುರ್ಗಾಪುರದ ಬಳಿ ಓ.ಎನ್.ಜಿ.ಸಿ. ಕೊರೆದ ಬಾವಿಯಲ್ಲಿ ಶೇಲ್ ಅನಿಲ ಕಾಣಿಸಿತು. 2013ರಲ್ಲಿ ಸರ್ಕಾರ ಅದಕ್ಕಾಗಿ ನೀತಿಯನ್ನು ಪ್ರಕಟಿಸಿತು. ಆದರೆ ಅಮೆರಿಕದಂಥ ಉದ್ಯಮ ಇಲ್ಲಿ ಬೇರೂರಲಿಲ್ಲ. 2010ರಲ್ಲಿ ಅಮೆರಿಕದ ಶೇಲ್ ಪ್ರದೇಶಗಳಲ್ಲಿ ಪಾಲು ಕೊಂಡಿದ್ದ ರಿಲಯನ್ಸ್ 2021ರಲ್ಲಿ ಕೊನೆಯ ಪಾಲನ್ನೂ ಮಾರಿ ಹಿಂದಿರುಗಿತು. ನಮ್ಮ ಭೀಮಾ ತೀರದ ಶೇಲ್‌ನಿಂದ ಎಣ್ಣೆ ತೆಗೆಯುವ ಉದ್ಯಮ ಹುಟ್ಟಲಿಲ್ಲ. ರಾವೂರಿನ ಸಾವಕಾರರಿಗೆ ಅದರ ಕೊರಗೂ ಇಲ್ಲ.

ಹಾಗಾದರೆ 2014ರ ಆ ವಾದದಲ್ಲಿ ಗೆದ್ದವರು ಯಾರು? ಇಬ್ಬರೂ ಅರ್ಧ ಗೆದ್ದರು. ಅಗ್ಗದ ಕಚ್ಚಾತೈಲ ಶುದ್ಧೀಕರಿಸುವವರಿಗೆ ಲಾಭವೆಂಬ ಮಾಸ್ತರರ ತರ್ಕ ಸರಿ. ಆದರೆ ಬೆಲೆ ಬೀಳುತ್ತಿರುವಾಗ ಹೆಚ್ಚಿನ ದರಕ್ಕೆ ಕೊಂಡು ದಾಸ್ತಾನು ಮಾಡಿದ ತೈಲವೇ ಮೊದಲು ನಷ್ಟವಾಗಿ ಬಂದು ಕೂರುತ್ತದೆ. ನಾನು ಹೇಳಿದ ಮಂಗಳೂರಿನ ಕಂಪನಿಗೇ 2014–15ರಲ್ಲಿ ನಷ್ಟವಾಯಿತು, 2015–16ರಲ್ಲಿ ಮತ್ತೆ ಲಾಭವಾಯಿತು. ತೈಲ ತೆಗೆಯುವವರಿಗೆ ಕಷ್ಟಕಾಲವೆಂಬ ಸಾವಕಾರರ ಮಾತೂ ಸರಿ; ಆದರೆ ಬೆಲೆ ಏರಿದ್ದ ದಿನಗಳಲ್ಲಿ ಸೀಮೆಎಣ್ಣೆ, ಡೀಸೆಲ್, ಅಡುಗೆ ಅನಿಲಗಳ ಸಬ್ಸಿಡಿಯ ಹೊರೆಯಲ್ಲಿ ಸರ್ಕಾರಿ ತೈಲೋತ್ಪಾದಕರು ಪಾಲು ಹೊರಬೇಕಾಗಿದ್ದುದರಿಂದ ಏರಿದ ಬೆಲೆಯ ಪೂರ್ಣ ಫಲ ಅವರ ಷೇರುದಾರರಿಗೆ ಅಂದೂ ದಕ್ಕಿರಲಿಲ್ಲ. ಇವೆಲ್ಲ ಕಲ್ಲಿನ ಗುಣಗಳಲ್ಲ, ಕರಾರಿನ ಗುಣಗಳು.

ಮೊನ್ನೆ ರಾವೂರಿಗೆ ಹೋದಾಗ ಸಾವಕಾರರ ಅಂಗಳದಲ್ಲಿ ಕುಳಿತಿದ್ದೆ. ಗಿರಾಕಿಯೊಬ್ಬ ಫರಸಿಯ ಹೊಳಪನ್ನು ಮೆಚ್ಚಿ ಕೈ ಸವರುತ್ತಿದ್ದ. ಸಾವಕಾರರು ಆ ಕಲ್ಲನ್ನು ಎತ್ತಿ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ, “ಹೊಳಪ ನೋಡಬ್ಯಾಡ್ರಿ, ದನಿ ಕೇಳ್ರಿ. ಒಳಗ ಬಿರುಕಿದ್ದರ ದನಿ ಒಡದಿರ್ತದ” ಎಂದರು. ಪಕ್ಕದಲ್ಲಿದ್ದ ಮಾಸ್ತರರು ನಕ್ಕು, “ಷೇರಿನ ದನಿ ಎಲ್ಲಿ ಕೇಳ್ತದಂತ ನನಗ ತಿಳಿಲಿಕ್ಕೆ ಭಾಳ ವರ್ಷ ಹಿಡೀತು” ಎಂದರು. ಮಗಳ ಮದುವೆಗೆ ಅವರು ಸ್ವಲ್ಪ ಕೈಗಡ ಮಾಡಬೇಕಾಯಿತು. ಉಳಿದ ಷೇರನ್ನು ಇಟ್ಟುಕೊಂಡಿದ್ದಾರೆ. ಈಗ ವರ್ಷಕ್ಕೊಮ್ಮೆ ಕಂಪನಿಯ ವಾರ್ಷಿಕ ವರದಿ ಬಂದಾಗ ಅವರೂ ಸಾವಕಾರರೂ ಇನ್ನಿಬ್ಬರು ಗೆಳೆಯರೂ ಕೂಡಿ ಓದುತ್ತಾರೆ. ಸಾಲ ಎಷ್ಟಿದೆ, ಬಡ್ಡಿ ಎಷ್ಟು, ಕಟ್ಟಿದವರ ಪಾಲು ಕಳೆದ ವರ್ಷಕ್ಕಿಂತ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂದು ಮಾಸ್ತರರು ಹಳೆಯ ಪಾಠಪುಸ್ತಕದ ಮೇಲೆ ಗುರುತು ಹಾಕುವಂತೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಾರೆ.

1883ರಲ್ಲಿ ಹೀಗೆ ಕರಾರಿನ ಕಾಗದ ಕೇಳಿದವರನ್ನು ಗಡಿಯಾಚೆ ಕಳುಹಿಸಿದ್ದರು. ಇಂದು ಅದೇ ಬಗೆಯ ಕಾಗದ ಕೇಳಿದ ಷೇರುದಾರನಿಗೆ ದೊರೆಯುತ್ತದೆ. ಅಘೋರನಾಥರಿಗೆ ದೊರೆಯದ ಆ ಹಾಳೆಗಳನ್ನು ನಾವು ಓದದೆ ಬಿಡಬಾರದು.